ಅಡ್ಡಹೆಸರಿನ ಅರ್ಥವಿಚಾರ

ಮನುಷ್ಯನು ತನ್ನ ಹೆಸರನ್ನು ತಾನೇ ಆರಿಸಿಕೊಂಡು ಹುಟ್ಟುವದಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಹಿರಿಯರ ಇಚ್ಛೆ. ಅದಕ್ಕೆ ಹೊಂದಿ ಬರುವ ತಂದೆಯ ಹೆಸರು ವಂಶದ ಸಾಕ್ಷಿ. ಕೊನೆಗೆ ನಿಲ್ಲುವ ಅಡ್ಡಹೆಸರಾದರೋ ನೆರೆಹೊರೆಯವರು ಎಂದೋ ಕೂಗಿದ ಕೂಗು. ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಈ ಮೂರೂ ಕೂಡಿದಲ್ಲದೆ ಒಬ್ಬನ ಹೆಸರು ಪೂರ್ಣವಾಗುವದಿಲ್ಲ. ‘ಅಡ್ಡಹೆಸರು’ ಎಂಬ ಶಬ್ದಕ್ಕೆ ಮೈಸೂರ ಕಡೆಗೆ ವಿನೋದಕ್ಕಾಗಿ ಕರೆಯುವ ಹೆಸರೆಂಬ ಅರ್ಥವಿದ್ದರೆ, ಈ ಸೀಮೆಯಲ್ಲಿ ಅದು ಮನೆತನದ ಹೆಸರೇ ಆಗಿದೆ. ಇವೆರಡು ಅರ್ಥಗಳು ಕಾಣುವಷ್ಟು ದೂರದವಲ್ಲ. ಮನೆತನದ ಹೆಸರೂ ಮೊದಲಿಗೆ ಪರರು ಅಡ್ಡಲಾಗಿ ಹಚ್ಚಿದ ಗುರುತೇ ಆಗಿತ್ತು. ತಲೆಮಾರುಗಳು ಕಳೆದಂತೆ ಆ ಗುರುತು ಕಾಗದಪತ್ರಗಳಿಗೆ ಏರಿ ಗಾಂಭೀರ್ಯವನ್ನು ಪಡೆಯಿತು.

ಇಂಥ ಹೆಸರುಗಳ ಅರ್ಥವನ್ನು ಹೇಳಬೇಕೆಂಬ ಕುತೂಹಲ ಎಲ್ಲರಿಗೂ ಉಂಟು. ಆದರೆ ಹೇಳುವ ರೀತಿ ಬಹುಮಟ್ಟಿಗೆ ಕಿವಿಯನ್ನೇ ನೆಚ್ಚಿದ್ದು. ಶಬ್ದವನ್ನು ಎರಡು ತುಂಡು ಮಾಡಿ, ಪ್ರತಿಯೊಂದು ತುಂಡಿಗೂ ತಿಳಿದ ಅರ್ಥವೊಂದನ್ನು ಕೊಟ್ಟು, ನಡುವೆ ಒಂದು ಕಥೆಯನ್ನು ಕಟ್ಟಿದರೆ ವ್ಯುತ್ಪತ್ತಿ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಧಾರವಾಡವೆಂಬ ಊರಹೆಸರಿಗೇ ಹೀಗಾಗಿದೆ. ವಿಜಯನಗರದ ಕಾಲದಲ್ಲಿ, ೧೪೦೩ರ ಸುಮಾರಿಗೆ, ಧಾರರಾಯನೆಂಬ ಅಧಿಕಾರಿಯಿಂದ ಊರಿಗೆ ಈ ಹೆಸರು ಬಂದಿತೆಂಬ ಕಥೆ ಜನಪ್ರಿಯವಾಗಿದೆ. ಆದರೆ ೧೨ನೆಯ ಶತಮಾನದ ಶಾಸನದಲ್ಲಿಯೇ ಊರಿನ ಹೆಸರು ಕಾಣುತ್ತಿರುವಾಗ, ಇನ್ನೂರು ವರ್ಷಗಳ ತರುವಾಯ ಬಂದವನು ಅದಕ್ಕೆ ಹೆಸರು ಕೊಡುವದೆಂತು? ಕಥೆ ಸೊಗಸಾಗಿದ್ದ ಮಾತ್ರಕ್ಕೆ ಪ್ರಮಾಣವಾಗಲಾರದು. ಊರಹೆಸರಿಗೆ ಸಲ್ಲುವ ಈ ಎಚ್ಚರಿಕೆ ಮನೆತನದ ಹೆಸರಿಗೆ ಇಮ್ಮಡಿಯಾಗಿ ಸಲ್ಲಬೇಕು. ಏಕೆಂದರೆ ಊರಿನ ಹೆಸರನ್ನು ತಪ್ಪಾಗಿ ಅರ್ಥೈಸಿದರೆ ಊರಿಗೆ ನೋವಾಗುವದಿಲ್ಲ, ಮನುಷ್ಯನ ಹೆಸರನ್ನು ತಪ್ಪಾಗಿ ಅರ್ಥೈಸಿದರೆ ಮನುಷ್ಯನಿಗೆ ನೋವಾಗುತ್ತದೆ.

ಅಡ್ಡಹೆಸರಿನ ಅರ್ಥವು ಬರಿಯ ಧಾತುವಿನಲ್ಲಿಲ್ಲ. ಯಾರು, ಎಲ್ಲಿ ನಿಂತು, ಯಾರನ್ನು ಹಾಗೆ ಕರೆದರೆಂಬದರಲ್ಲಿ ಇದೆ. ಇದನ್ನು ಕಾಣಬೇಕಾದರೆ ಹಳೆಯ ಹಳ್ಳಿಯ ರಚನೆಯನ್ನು ನೆನೆಯಬೇಕು. ಹಳ್ಳಿಯಲ್ಲಿ ಲೆಕ್ಕ ಬರೆಯುವ ಮನೆ ಒಂದು, ಗೌಡಿಕೆಯ ಮನೆ ಒಂದು, ಕಾವಲಿನ ತಳವಾರನ ಮನೆ ಒಂದು. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಕಾಳಿನ ಪಾಲನ್ನು ಪಡೆದು ವರ್ಷವೆಲ್ಲ ಊರ ಕೆಲಸವನ್ನು ಮಾಡುವವರು. ಹೀಗಿರುವಲ್ಲಿ ಕೆಲಸದ ಹೆಸರೇ ಮನೆಯ ಗುರುತಿಗೆ ಸಾಕು. ‘ಕುಲಕರ್ಣಿಯವರ ಮನೆ’ ಎಂದರೆ ಯಾವದೆಂದು ಆ ಊರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಆದರೆ ಅದೇ ಮನೆಯ ಮಗನು ಓದಿಗೋ ಉದ್ಯೋಗಕ್ಕೋ ಧಾರವಾಡಕ್ಕೆ ಬಂದು ನೆಲೆಸಿದರೆ, ನೂರು ಹಳ್ಳಿಗಳ ನೂರು ಕುಲಕರ್ಣಿಗಳ ನಡುವೆ ಅವನು ಯಾರೆಂಬದು ತಿಳಿಯದಾಗುತ್ತದೆ. ಹಳ್ಳಿಯಲ್ಲಿ ಒಬ್ಬನನ್ನೇ ತೋರಿಸುತ್ತಿದ್ದ ಹೆಸರು ಪಟ್ಟಣದಲ್ಲಿ ಯಾರನ್ನೂ ತೋರಿಸದು.

ಊರಿನಿಂದ ಬಂದ ಅಡ್ಡಹೆಸರುಗಳ ನಡೆ ಇದಕ್ಕೆ ತೀರ ವಿರುದ್ಧವಾದುದು. ಗೋಕಾಕದಲ್ಲಿಯೇ ಇರುವವನನ್ನು ಗೋಕಾಕನೆಂದು ಕರೆದರೆ ಯಾವ ಗುರುತಾದೀತು? ಊರನ್ನು ಬಿಟ್ಟು ಬಂದವನಿಗೇ ಆ ಹೆಸರು ಹತ್ತಬೇಕು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ೧೯೧೩ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಮಲ್ಲಿಕಾರ್ಜುನ ಮನಸೂರರು ತಾವು ಹುಟ್ಟಿದ ಹಳ್ಳಿಯ ಹೆಸರನ್ನು ಹೊತ್ತವರಾದರೂ ಆ ಹೆಸರು ಗುರುತಾದದ್ದು ಹಳ್ಳಿಯನ್ನು ದಾಟಿದ ಮೇಲೆಯೇ. ಆದುದರಿಂದ ಊರಹೆಸರು ಊರಲ್ಲಿದ್ದವನ ಹೆಸರಲ್ಲ, ಊರನ್ನು ಬಿಟ್ಟವನ ಹೆಸರು. ಕಸುಬಿನ ಹೆಸರು ಊರಲ್ಲಿ ನಿಂತವನ ಹೆಸರು. ಒಂದು ಅಗಲಿಕೆಯನ್ನು ಹೇಳುತ್ತದೆ, ಮತ್ತೊಂದು ನೆಲೆಯನ್ನು ಹೇಳುತ್ತದೆ. ಈ ಭೇದವನ್ನು ಮರೆತು ಎರಡನ್ನೂ ಒಂದೇ ಸಾಲಿನಲ್ಲಿ ಅರ್ಥೈಸಹೋದರೆ ಶಬ್ದ ಸಿಕ್ಕೀತು, ಸಂಗತಿ ಸಿಕ್ಕಲಾರದು.

ವ್ಯಾಕರಣವೂ ಇಲ್ಲಿ ಸಾಕ್ಷಿ ಹೇಳುತ್ತದೆ. ಬೆಲ್ಲದ, ತುಪ್ಪದ, ಉಪ್ಪಿನ, ಮಠದ ಎಂಬ ಅಡ್ಡಹೆಸರುಗಳನ್ನು ಕೇಳಿ ಹೊರಗಿನವರು ನಗುವದುಂಟು. ಇವೆಲ್ಲ ಷಷ್ಠೀ ವಿಭಕ್ತಿಯ ರೂಪಗಳು. ಬೆಲ್ಲದ ಯಾವದು? ವ್ಯಾಪಾರವೋ, ಅಂಗಡಿಯೋ, ಮನೆಯೋ? ಆ ವಿಶೇಷ್ಯವು ನುಡಿಯುವವರ ಬಾಯಲ್ಲಿ ಸವೆದುಹೋಗಿ ವಿಶೇಷಣವೊಂದೇ ಉಳಿದಿದೆ. ಶೆಟ್ಟರ, ಗೌಡರ ಎಂಬಲ್ಲಿಯೂ ‘ಶೆಟ್ಟರ ಮನೆಯವನು’, ‘ಗೌಡರ ಮನೆಯವನು’ ಎಂಬ ಪೂರ್ಣವಾಕ್ಯದ ಅರ್ಧವೇ ಹೆಸರಾಗಿ ನಿಂತಿದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಅಂಗಡಿ ಎಂಬವುಗಳಲ್ಲಿ ವಿಭಕ್ತಿಯೂ ಉಳಿಯದೆ ಸರಕಿನ ಹೆಸರೇ ಮನುಷ್ಯನ ಹೆಸರಾಗಿದೆ. ಹುಬ್ಬಳ್ಳಿಯಂಥ ವ್ಯಾಪಾರದ ಪೇಟೆಯನ್ನು ಬಲ್ಲವರಿಗೆ ಇದು ನಗುವಂಥ ಮಾತಲ್ಲ. ಅಡತಿಯ ಅಂಗಡಿಯಲ್ಲಿ ಮನುಷ್ಯನನ್ನು ಅವನ ಸರಕಿನಿಂದ ಗುರುತಿಸುವದು ದಿನದ ವ್ಯವಹಾರ.

ಅಧಿಕಾರದ ಹೆಸರುಗಳಲ್ಲಿ ರಾಜ್ಯಗಳ ಚರಿತ್ರೆಯೇ ಪದರಪದರವಾಗಿ ಕೂತಿದೆ. ಶಾಸನಗಳ ‘ಗಾಮುಂಡ’, ‘ಗಾವುಂಡ’ನೇ ಇಂದಿನ ಗೌಡ, ಮಧ್ಯಯುಗದ ಶಾಸನಗಳ ‘ಪಟ್ಟಕಿಲ’ನೇ ಪಾಟೀಲ. ಈ ಸೀಮೆಯಲ್ಲಿ ವ್ಯಕ್ತಿಯ ಹೆಸರಿನ ಕೊನೆಗೆ ‘ಗೌಡ’ ಎಂದೂ, ಅಡ್ಡಹೆಸರಿನಲ್ಲಿ ‘ಪಾಟೀಲ’ ಎಂದೂ ಇರುವದು ಸರ್ವೇಸಾಮಾನ್ಯ. ಒಂದೇ ಅಧಿಕಾರವನ್ನು ಎರಡು ಬಾಯಿಂದ ಎರಡು ಸಲ ಹೇಳಿದಂತಾಯಿತು. ಜಹಾಗೀರದಾರ, ಇನಾಮದಾರ ಎಂಬಲ್ಲಿಯ ‘ದಾರ’ವೂ, ಚಿಟಣೀಸ, ಫಡಣೀಸ ಎಂಬಲ್ಲಿಯ ‘ನೀಸ’ವೂ ಪಾರಸೀ ಭಾಷೆಯಿಂದ ಬಂದವು, ಮೊದಲನೆಯದಕ್ಕೆ ಹೊಂದಿದವನೆಂದೂ ಎರಡನೆಯದಕ್ಕೆ ಬರೆಯುವವನೆಂದೂ ಅರ್ಥ. ವಾಲೀಕಾರ ಎಂಬದರಲ್ಲಿ ಅಚ್ಚಗನ್ನಡದ ‘ಓಲೆಕಾರ’ನು, ಎಂದರೆ ಓಲೆಯನ್ನು ಒಯ್ದು ಮುಟ್ಟಿಸುವವನು, ಅಡಗಿದ್ದಾನೆ. ಜೋಶಿ ಎಂಬದನ್ನು ಕೇವಲ ಮರಾಠಿಯದೆಂದು ತಿಳಿಯುವವರು ಪಂಪನ ತಾಯಿಯಾದ ಅಬ್ಬಣಬ್ಬೆಯ ಹಿರಿಯನನ್ನು ನೆನೆಯಬೇಕು. ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ೧೦ನೆಯ ಶತಮಾನದ ಶಾಸನವು ಆ ಹಿರಿಯನನ್ನು ಅಣ್ಣಿಗೇರಿಯ ಜೋಯಿಸ ಸಿಂಘನೆಂದು ಕರೆಯುತ್ತದೆ. ಅಣ್ಣಿಗೇರಿ ಧಾರವಾಡ ಜಿಲ್ಲೆಯ ಊರೇ. ಜ್ಯೋತಿಷವನ್ನು ಬಲ್ಲವನಿಗೆ ‘ಜೋಯಿಸ’ ಎಂಬ ತದ್ಭವವು ಇಲ್ಲಿ ಸಾವಿರ ವರ್ಷಗಳ ಹಿಂದೆಯೇ ಬಳಕೆಯಲ್ಲಿತ್ತು.

ವ್ಯಕ್ತಿನಾಮಗಳಲ್ಲಿಯೂ ಇಂಥದೇ ಹಳಮೆ ಇದೆ. ಅಬ್ಬಣಬ್ಬೆಯ ‘ಅಬ್ಬೆ’ಯೇ ಅವ್ವೆಯಾಗಿ, ಅವ್ವನಾಗಿ ಇಂದಿನ ಗಂಗವ್ವ, ಮಲ್ಲವ್ವ, ಯಲ್ಲವ್ವರಲ್ಲಿ ಉಳಿದಿದೆ. ಲಿಂಗಪ್ಪನು ನಿಂಗಪ್ಪನಾದದ್ದೂ, ವೀರಪ್ಪನು ಈರಪ್ಪನಾದದ್ದೂ ಬಾಯಿಮಾತಿನ ಸಹಜ ಗತಿಯೇ ಹೊರತು ಅಜ್ಞಾನವಲ್ಲ. ಫಕೀರಪ್ಪನೆಂಬ ಹೆಸರನ್ನಂತೂ ವಿಶೇಷವಾಗಿ ಗಮನಿಸಬೇಕು. ‘ಫಕೀರ’ ಅರಬ್ಬಿಯದು, ‘ಅಪ್ಪ’ ಕನ್ನಡದ್ದು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಮಗುವಿಗೆ ಆ ಹೆಸರನ್ನಿಡುವ ತಾಯಿತಂದೆಗಳು ಎರಡು ಭಾಷೆಗಳನ್ನು ಹೊಲಿದೆವೆಂದು ತಿಳಿದಿರಲಿಲ್ಲ. ಪೂಜ್ಯರ ಹೆಸರನ್ನಿಟ್ಟೆವೆಂದಷ್ಟೇ ತಿಳಿದಿದ್ದರು. ಭಾಷೆಯ ಮೂಲವನ್ನು ಹುಡುಕುವವನು ಇಲ್ಲಿ ಹಿಂದೂ ಯಾವದು, ಮುಸಲ್ಮಾನವಾವದು ಎಂದು ಬಿಡಿಸಹೋದರೆ ಹೆಸರು ಹರಿದೀತು, ಅರ್ಥವು ಕೈಗೆ ಬಾರದು.

ಇನ್ನು ಹೆಸರಿನ ಕ್ರಮವನ್ನು ಕುರಿತು. ಮೈಸೂರ ಕಡೆಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ, ವ್ಯಕ್ತಿಯ ಹೆಸರು ಕೊನೆಗೆ, ಡಿ. ವಿ. ಗುಂಡಪ್ಪನವರಲ್ಲಿ ದೇವನಹಳ್ಳಿಯೂ ವೆಂಕಟರಮಣಯ್ಯನವರೂ ಅಕ್ಷರಮಾತ್ರವಾಗಿ ನಿಂತಿದ್ದಾರೆ. ಧಾರವಾಡದ ಕಡೆಗೆ ವ್ಯಕ್ತಿಯ ಹೆಸರು ಮುಂದೆ, ಅಡ್ಡಹೆಸರು ಕೊನೆಗೆ, ದ. ರಾ. ಬೇಂದ್ರೆಯವರಲ್ಲಿ ದತ್ತಾತ್ರೇಯನೇ ಅಕ್ಷರವಾಗಿದ್ದಾನೆ. ಒಂದು ಕಡೆಗೆ ಊರು ಮರೆಯಾಗಿ ಮನುಷ್ಯನು ಉಳಿದರೆ, ಮತ್ತೊಂದು ಕಡೆಗೆ ಮನುಷ್ಯನು ಮರೆಯಾಗಿ ಮನೆತನವು ಉಳಿಯಿತು. ೧೯೫೬ರಲ್ಲಿ ಎರಡು ಭಾಗಗಳೂ ಒಂದೇ ರಾಜ್ಯದಲ್ಲಿ ಕೂಡಿದರೂ ಹೆಸರುಗಳು ಕೂಡಲಿಲ್ಲ. ಧಾರವಾಡದ ಈ ಕ್ರಮವು ಮುಂಬಯಿ ಇಲಾಖೆಯ ಶಾಲೆ-ಕಚೇರಿಗಳ ದಾಖಲೆಗಳಲ್ಲಿ ಗಟ್ಟಿಯಾದದ್ದು. ಕನ್ನಡದ ನಡೆ ಬೇರೆಯಾಗಿತ್ತೆಂಬದಕ್ಕೆ ಹಿಂದಿನ ತಲೆಮಾರಿನ ಹೆಸರುಗಳೇ ಸಾಕ್ಷಿ: ಆಲೂರ ವೆಂಕಟರಾಯರು, ಮುದವೀಡು ಕೃಷ್ಣರಾಯರು, ಬೆಟಗೇರಿ ಕೃಷ್ಣಶರ್ಮರು. ವಿಶೇಷಣವು ವಿಶೇಷ್ಯದ ಮುಂದೆ ಬರುವದು ಕನ್ನಡದ ಸ್ವಭಾವ. ಹರ್ಡೇಕರ ಮಂಜಪ್ಪನವರಲ್ಲಿ ಮರಾಠಿಯ ‘ಕರ’ ಪ್ರತ್ಯಯವು ಕೂಡ ಕನ್ನಡದ ಕ್ರಮಕ್ಕೆ ತಲೆಬಾಗಿ ಮುಂದೆ ಬಂದು ನಿಂತಿದೆ. ೧೯ನೆಯ ಶತಮಾನದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದ ಚನ್ನಬಸಪ್ಪನವರ ಇಂಗ್ಲಿಷ್ ಹುದ್ದೆಯನ್ನೂ ಜನರು ಅದೇ ಕ್ರಮದಿಂದ ಮುಂದಿಟ್ಟು ‘ಡೆಪ್ಯುಟಿ ಚನ್ನಬಸಪ್ಪ’ನವರೆಂದು ಕರೆದರು.

ಹಾಗೆಂದು ಪ್ರತ್ಯಯವನ್ನು ಕಂಡು ಮನುಷ್ಯನ ನಿಷ್ಠೆಯನ್ನು ಅಳೆಯುವದು ಸಲ್ಲದು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರ ಅಡ್ಡಹೆಸರು ದೇಶಪಾಂಡೆ. ಮಹಾರಾಷ್ಟ್ರದಲ್ಲಿ ಹೇಗೋ ಹಾಗೆ ಇಲ್ಲಿಯೂ ಇದ್ದ ಪರಗಣೆಯ ಲೆಕ್ಕದ ಅಧಿಕಾರವದು. ಕುಂದಗೋಳದ ರಾಮಭಾವೂ ಮರಾಠಿ ರಂಗಭೂಮಿಗೆ ಹೋಗಿ ಕುಂದಗೋಳಕರರೆನಿಸಿದರು, ಸವಾಯಿ ಗಂಧರ್ವರೆನಿಸಿದರು. ಕುಂದಗೋಳದ ಮನೆ ಮಾತ್ರ ಕುಂದಗೋಳದಲ್ಲಿಯೇ ಉಳಿಯಿತು.

ಇಲ್ಲಿಯ ವರೆಗೆ ಹೇಳಿದ್ದು ಕುತೂಹಲದ ವಿಷಯ. ಇದಕ್ಕಿಂತ ಗುರುತರವಾದ ಪ್ರಶ್ನೆಯೊಂದುಂಟು. ಅಡ್ಡಹೆಸರನ್ನು ಕೇಳುವವನು ಎಷ್ಟೋ ಸಲ ಅರ್ಥವನ್ನು ಕೇಳುತ್ತಿರುವದಿಲ್ಲ, ಜಾತಿಯನ್ನು ಕೇಳುತ್ತಿರುತ್ತಾನೆ. ಬಾಡಿಗೆಯ ಮನೆಯನ್ನು ಕೊಡುವಾಗ, ಪಂಕ್ತಿಯಲ್ಲಿ ಎಲೆಯನ್ನು ಹಾಕುವಾಗ, ಸಂಬಂಧವನ್ನು ಬೆಳೆಸುವಾಗ ಅಡ್ಡಹೆಸರೇ ತಕ್ಕಡಿಯಾಗುತ್ತದೆ. ಈ ತಕ್ಕಡಿ ಎಷ್ಟು ಸುಳ್ಳೆಂಬದನ್ನು ಹೆಸರುಗಳೇ ತೋರಿಸುತ್ತವೆ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸಲ್ಮಾನರಲ್ಲಿದ್ದಾರೆ. ಕುಲಕರ್ಣಿಗಳೆಲ್ಲರೂ ಬ್ರಾಹ್ಮಣರಲ್ಲ. ಅಧಿಕಾರದ ಹೆಸರು ಅಧಿಕಾರವನ್ನು ಹೇಳುತ್ತದೆಯೇ ಹೊರತು ಜಾತಿಯನ್ನು ಹೇಳುವದಿಲ್ಲ. ಆ ಅಧಿಕಾರವೂ ಇಂದಿಲ್ಲ. ಕುಲಕರ್ಣಿ ವತನಗಳು ಮುಂಬಯಿ ಸರಕಾರದ ೧೯೫೦ರ ಕಾಯಿದೆಯಿಂದ ರದ್ದಾದವು. ಉಳಿದ ಗ್ರಾಮಾಧಿಕಾರಗಳು ೧೯೬೧ರ ಕಾಯಿದೆಯಿಂದ ಹೋದವು. ಲೆಕ್ಕದ ಪುಸ್ತಕವು ಕೈಬಿಟ್ಟುಹೋದರೂ ಹೆಸರಿನ ಗೌರವ ಕೈಬಿಡಲಿಲ್ಲ. ಅತ್ತ ಬಾಚಿಯನ್ನು ಹಿಡಿಯದ ಬಡಿಗೇರನೂ, ಬಟ್ಟೆಯನ್ನು ಒಗೆಯದ ಮಡಿವಾಳನೂ ತಮ್ಮ ಹೆಸರಿನ ಹಗುರವನ್ನು ಹೊತ್ತೇ ಇರಬೇಕಾಯಿತು. ಎರಡೂ ಕಸುಬಿನ ಹೆಸರುಗಳೇ. ಒಂದನ್ನು ಕೇಳಿದವನು ಎದ್ದು ನಿಲ್ಲುತ್ತಾನೆ, ಮತ್ತೊಂದನ್ನು ಕೇಳಿದವನು ಕೂತಲ್ಲಿಂದ ಮಾತನಾಡುತ್ತಾನೆ. ಧಾತುವನ್ನು ಬಲ್ಲ ಪಂಡಿತನು ಈ ಭೇದವನ್ನು ಕಾಣದಿದ್ದರೆ ಅವನ ಪಾಂಡಿತ್ಯಕ್ಕೆ ಕಣ್ಣಿಲ್ಲವೆನ್ನಬೇಕು.

ಕನ್ನಡದ ಸಾಹಿತ್ಯವು ಈ ಅನ್ಯಾಯಕ್ಕೆ ಹಿಂದೆಯೇ ಉತ್ತರವನ್ನು ಕೊಟ್ಟಿದೆ. ೧೨ನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಕಾಯಕವು ಹೆಸರಿನ ಮುಂದೆಯೇ ನಿಂತಿದೆ. ಮರೆಮಾಡಬೇಕೆಂಬ ಭಾವನೆಯೇ ಅಲ್ಲಿಲ್ಲ. ಹಡಪದ ಅಪ್ಪಣ್ಣನ ‘ಹಡಪ’ವು ಎಲೆಯಡಿಕೆಯ ಚೀಲ, ಬಸವಣ್ಣನ ಸನಿಹದಲ್ಲಿರುವ ವಿಶ್ವಾಸದ ಸೇವೆಯದು. ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದವನು ಅಂಬಿಗರ ಚೌಡಯ್ಯ. ಉಳಿದ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಅವನು ಕಸುಬನ್ನು ಕೂಡಿಸಿದ ತನ್ನ ಹೆಸರನ್ನೇ ಅಂಕಿತವಾಗಿಟ್ಟನು. ದೋಣಿ ನಡೆಸುವವನೆಂದು ಜನರು ಕೂಗಿದ ಕೂಗನ್ನೇ ಎತ್ತಿಕೊಂಡು, ಅದನ್ನು ಮಾತಿನ ಮುದ್ರೆಯನ್ನಾಗಿ ಮಾಡಿದ ಧೈರ್ಯವದು. ಎಂಟು ಶತಮಾನಗಳ ತರುವಾಯ ಕಂಬಾರರೆಂಬ ಅಡ್ಡಹೆಸರನ್ನು ಹಾಗೆಯೇ ಇಟ್ಟುಕೊಂಡ ಚಂದ್ರಶೇಖರ ಕಂಬಾರರಿಗೆ ೨೦೧೦ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಕುಲುಮೆಯ ಹೆಸರು ಕಾವ್ಯದ ಹೆಸರೂ ಆಯಿತು.

ಕಾವ್ಯನಾಮಗಳನ್ನು ಈ ದೃಷ್ಟಿಯಿಂದಲೇ ವಿಮರ್ಶಿಸುವದು ಯೋಗ್ಯ. ಅಡ್ಡಹೆಸರು ಪರರು ಕೊಟ್ಟ ಹೆಸರಾದರೆ, ಕಾವ್ಯನಾಮವು ಅದಕ್ಕೆ ಬರೆದವನು ಕೊಟ್ಟ ಮರುಮಾತು. ವೆಂಕಟೇಶ ತಿರಕೋ ಕುಲಕರ್ಣಿಯವರು ಊರೂರಿಗೂ ಇರುವ ಕುಲಕರ್ಣಿಯನ್ನು ಹಿಂದಿಟ್ಟು, ತಮ್ಮ ಊರೂ ಊರ ದೇವರೂ ಒಂದೇ ಆದ ‘ಗಳಗನಾಥ’ ಎಂಬ ಹೆಸರಿನಿಂದ ಕಾದಂಬರಿಗಳನ್ನು ಬರೆದರು. ಅಧಿಕಾರವು ಹೋಗಿ ನೆಲ ಉಳಿಯಿತು. ಶಿಶುನಾಳದ ಶರೀಫ ಸಾಹೇಬರ ಅಂಕಿತದಲ್ಲಿಯೂ ಊರಿನ ಅಧೀಶನೇ ಇದ್ದಾನೆ. ಗೋಕಾಕರು ಊರನ್ನೂ ತಂದೆಯನ್ನೂ ಬಿಟ್ಟು ಬರಿಯ ‘ವಿನಾಯಕ’ರಾದರು. ಮುಗಳಿಯವರು ರಂಗನಾಥನೆಂಬ ತಮ್ಮ ಹೆಸರಿನೊಳಗಿಂದಲೇ ‘ರಸಿಕರಂಗ’ನನ್ನು ಪಡೆದರು. ಬೇಂದ್ರೆಯವರು ಮಾಡಿದ್ದು ಇವೆಲ್ಲಕ್ಕಿಂತ ಆಳವಾದುದು. ರೂಢಿಯ ಕ್ರಮದಲ್ಲಿ ಮಗ, ತಂದೆ, ಮನೆತನ. ‘ಅಂಬಿಕಾತನಯದತ್ತ’ನಲ್ಲಿ ತಾಯಿ, ಮಗತನ, ಮಗ. ಮನೆತನವೂ ಇಲ್ಲ, ತಂದೆಯೂ ಇಲ್ಲ. ಇದನ್ನು ಹೊಸ ಕಾಲದ ಚಮತ್ಕಾರವೆನ್ನುವವರು ಕದಂಬರೂ ಚಾಲುಕ್ಯರೂ ತಮ್ಮನ್ನು ಹಾರೀತೀಪುತ್ರರೆಂದು ಶಾಸನಗಳಲ್ಲಿ ಕರೆದುಕೊಂಡದ್ದನ್ನು ಮರೆತಿದ್ದಾರೆ. ಕಚೇರಿಯ ಕಾಗದವು ಕೇಳದ ತಾಯಿಯ ಹೆಸರನ್ನು ಕವಿತೆಯು ಮೊದಲಿಗೆ ಹೇಳಿತು. ಗಂಗೂಬಾಯಿಯವರು ಮದುವೆಯಾದ ಮೇಲೂ ಪತಿಯ ಮನೆತನದ ಹೆಸರಿನಿಂದಲ್ಲದೆ ಹಾನಗಲ್ಲಿನ ಹೆಸರಿನಿಂದಲೇ ಲೋಕಕ್ಕೆ ಪರಿಚಿತರಾದದ್ದೂ ಇದರ ಜೊತೆಗೆ ನೆನೆಯತಕ್ಕ ಸಂಗತಿ.

ಹೆಸರನ್ನು ಬಿಡುವದೂ ಒಂದು ಉತ್ತರವೇ. ಜಾಗೀರದಾರರೆಂದು ಪರಿಚಿತರಾಗಿದ್ದ ನಾಟಕಕಾರರು ಆದ್ಯ ರಂಗಾಚಾರ್ಯರಾದರು, ‘ಶ್ರೀರಂಗ’ರೆಂದು ಬರೆದರು, ಜಾಗೀರಿನ ಹೆಸರನ್ನು ಇಳಿಸಿದ್ದರಿಂದ ಅವರ ನಾಟಕಗಳ ತೂಕವೇನೂ ಇಳಿಯಲಿಲ್ಲ. ಮೇಲಿನ ಹೆಸರನ್ನು ಬಿಡುವವನನ್ನು ತ್ಯಾಗಿಯೆಂದು ಹೊಗಳುವ ಲೋಕವು, ಕೆಳಗಿನದೆಂದು ಎಣಿಸಿದ ಹೆಸರನ್ನು ಬಿಡುವವನನ್ನು ಮಾತ್ರ ಮೂಲವನ್ನು ಮುಚ್ಚಿಟ್ಟನೆಂದು ಹಳಿಯುವದು ಯಾವ ನ್ಯಾಯ? ಹಳೆಯ ಹೆಸರುಗಳು ಭಾಷೆಯ ಆಸ್ತಿ, ಅವನ್ನು ಕಳೆಯಬಾರದೆಂದು ಬೋಧಿಸುವದು ಸುಲಭ. ಆ ಆಸ್ತಿಯ ಕಂದಾಯವನ್ನು ಪ್ರತಿದಿನ ಅವಮಾನದ ರೂಪದಿಂದ ತೆರುವವನು ಬೇರೆಯೇ ಇದ್ದಾನೆ. ಹೆಸರನ್ನು ಉಳಿಸಿಕೊಳ್ಳುವದೂ ಬಿಡುವದೂ ಅದನ್ನು ಹೊತ್ತವನ ಹಕ್ಕು. ವಿದ್ವಾಂಸನ ಕೆಲಸ ಅದನ್ನು ಬರೆದಿಡುವದು, ತೀರ್ಪು ಕೊಡುವದಲ್ಲ.

ಬರೆದಿಡುವ ಆ ಕೆಲಸಕ್ಕೆ ಬೆಲೆಯಿಲ್ಲವೆಂದಲ್ಲ. ಕಚೇರಿಯ ಕಾಗದಗಳು ‘ಗುಲಬರ್ಗಾ’ ಎಂದು ಬರೆಯುತ್ತಿದ್ದ ದಿನಗಳಲ್ಲಿಯೂ, ಹೆಸರುಗಳನ್ನೇ ಶಾಸ್ತ್ರವಾಗಿ ಅಭ್ಯಸಿಸಿ ‘ಕನ್ನಡ ನಾಮವಿಜ್ಞಾನ’ವನ್ನು ಬರೆದ ಎಂ. ಎಂ. ಕಲಬುರ್ಗಿಯವರ ಅಡ್ಡಹೆಸರಿನಲ್ಲಿ ಆ ಊರಿನ ಕನ್ನಡದ ಉಚ್ಚಾರವು ಉಳಿದಿತ್ತು. ೨೦೧೪ರ ನವೆಂಬರ ೧ರಂದು ಸರಕಾರವು ಊರಹೆಸರುಗಳನ್ನು ತಿದ್ದಿದಾಗ ಕಲಬುರಗಿಯು ತನ್ನ ಹೆಸರನ್ನು ಮರಳಿ ಪಡೆಯಿತು. ಹುಬ್ಬಳ್ಳಿಯೂ ಅಂದೇ ಇಂಗ್ಲಿಷ್ ಕಾಗದಗಳಲ್ಲಿ ಹುಬ್ಬಳ್ಳಿಯಾಯಿತು. ಅದೇ ದಿನ ಬಿಜಾಪುರವು ವಿಜಯಪುರವಾಯಿತು. ಬಿಜಾಪುರವೆಂಬ ಅಡ್ಡಹೆಸರಿನ ಮನೆತನಗಳ ಹೆಸರು ಆ ಆಜ್ಞೆಯಿಂದ ಬದಲಾಗಲಿಲ್ಲ. ಸರಕಾರದ ನಕಾಶೆಯಿಂದ ಹೋದ ಊರಹೆಸರು ಮನೆಯ ಬಾಗಿಲ ಫಲಕದಲ್ಲಿ ಬದುಕುವದು ಹೀಗೆ. ಆದುದರಿಂದ ಪ್ರತಿ ತಾಲೂಕಿನ ಅಡ್ಡಹೆಸರುಗಳನ್ನು, ಅವುಗಳ ವಿಭಕ್ತಿರೂಪಗಳೊಡನೆ, ಅವನ್ನು ಹೊತ್ತ ಮನೆಗಳವರು ಹೇಳುವ ಕಥೆಗಳೊಡನೆ, ಜಾತಿಯ ಪಟ್ಟಿಯಾಗದಂತೆ ಎಚ್ಚರವಹಿಸಿ ಸಂಗ್ರಹಿಸುವದು ಜಿಲ್ಲೆಯ ಸಾಹಿತ್ಯಸಂಘಗಳಿಗೆ ಒಪ್ಪುವ ಕಾರ್ಯ. ಹಾಗೆ ಸಂಗ್ರಹಿಸುವವನು ಮನೆಯ ಬಾಗಿಲಲ್ಲಿ ನಿಂತು ‘ನಿಮ್ಮ ಅಡ್ಡಹೆಸರೇನ್ರಿ?’ ಎಂದು ಕೇಳಿದಾಗ, ಒಳಗಿನವರು ಉತ್ತರ ಕೊಡುವ ಮುನ್ನ ಒಂದು ಕ್ಷಣ ತಡೆದರೆ, ಆ ತಡೆಯ ಅರ್ಥವನ್ನೂ ಅವನು ತಿಳಿಯಬಲ್ಲವನಾಗಿರಬೇಕು.